ಬರೆದದ್ದೆಷ್ಟು, ಬಿಟ್ಟದ್ದೆಷ್ಟು: ಥೀಸಿಸ್ ಮತ್ತು ಸಂಶೋಧನಾ ಲೇಖನಗಳನ್ನು ಮಾನದಂಡಕ್ಕೆ ಹಿಡಿದು ನೋಡುವ ಬಗೆ

ದಾವಣಗೆರೆ, ಚಿತ್ರದುರ್ಗದ ಮೆಡಿಕಲ್, ಡೆಂಟಲ್, ಆಯುರ್ವೇದ ಕಾಲೇಜುಗಳ ಲೈಬ್ರರಿಗಳಲ್ಲಿ ಬೈಂಡ್ ಮಾಡಿದ ಪಿಜಿ ಥೀಸಿಸ್‌ಗಳು ಕಪಾಟುಗಟ್ಟಲೆ ಇವೆ. ಯಾವುದಾದರೂ ಒಂದನ್ನು ಹೊರಗೆಳೆದು, ‘ಈ ಪುಸ್ತಕ ಒಂದನ್ನೇ ಇಟ್ಟುಕೊಂಡು ಇನ್ನೊಬ್ಬರು ಇದೇ ಅಧ್ಯಯನವನ್ನು ಮತ್ತೆ ಮಾಡಬಹುದೇ’ ಎಂದು ಕೇಳಿಕೊಳ್ಳಿ. ಬಹಳ ಸಲ ಉತ್ತರ ‘ಆಗಲ್ಲ’. ಕೆಲಸ ಕೆಟ್ಟದಾಗಿ ನಡೆದಿದೆ ಅಂತಲ್ಲ. ನಡೆದದ್ದು ಹಾಳೆಗೆ ಇಳಿದಿಲ್ಲ, ಅಷ್ಟೇ. ಊರಿನ ಥೀಸಿಸ್‌ಗಳಿಗೆ ಮಾತ್ರ ಅಂಟಿದ ರೋಗವೂ ಅಲ್ಲ ಇದು. ಹೆಸರಾಂತ ಜರ್ನಲ್‌ಗಳ ಲೇಖನಗಳಲ್ಲೂ ಇದೇ ಕಥೆ.

ಎಷ್ಟು ಇಳಿದಿದೆ, ಎಷ್ಟು ಬಿಟ್ಟುಹೋಗಿದೆ ಎಂದು ಅಳೆಯುವುದೇ ಒಂದು ಒಳ್ಳೆಯ ಅಧ್ಯಯನ. ರೋಗಿಗಳು ಬೇಡ, ಲ್ಯಾಬ್ ಖರ್ಚಿಲ್ಲ. ಇಬ್ಬರು ಓದುಗರು, ಒಂದು ಎಕ್ಸೆಲ್ ಹಾಳೆ, ಸುಮಾರು ಮೂರು ತಿಂಗಳ ಸಂಜೆಗಳು ಸಾಕು. ಪಿಜಿಗಳಿಗೆ, ಗೈಡ್‌ಗಳಿಗೆ, ಜರ್ನಲ್ ಕ್ಲಬ್ ನಡೆಸುವವರಿಗೆ ಅನುಕೂಲವಾಗಲೆಂದು ಅದರ ಹಂತಗಳನ್ನು ಇಲ್ಲಿ ಬಿಡಿಸಿ ಹೇಳಿದೆ.

ಯಾವ ಅಧ್ಯಯನಕ್ಕೆ ಯಾವ ಪಟ್ಟಿ

ಒಂದು ಅಧ್ಯಯನದ ವರದಿಯಲ್ಲಿ ಏನೇನು ಬರೆದಿರಬೇಕು ಎಂದು ಅಂಶವಾರು ಹೇಳುವ ಪಟ್ಟಿಗಳಿವೆ; ನಮ್ಮ ಮಾನದಂಡ ಅವೇ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಗುಂಪುಗಳಿಗೆ ಹಂಚುವ (ರ್ಯಾಂಡಮೈಸ್ಡ್) ಪ್ರಯೋಗಗಳಿಗೆ ಕನ್ಸಾರ್ಟ್. 1996ರಲ್ಲಿ ಬಂತು, 2001 ಮತ್ತು 2010ರಲ್ಲಿ ಪರಿಷ್ಕಾರವಾಯಿತು, 2025ರಲ್ಲಿ ಮತ್ತೆ ಹೊಸದಾಯಿತು. 2010ರದ್ದರಲ್ಲಿ 25 ಅಂಶ, 2025ರದ್ದರಲ್ಲಿ 30. ಸುಮ್ಮನೆ ಗಮನಿಸಿ ನೋಡುವ ಅಧ್ಯಯನಗಳಿಗೆ, ಅಂದರೆ ಕೋಹಾರ್ಟ್, ಕೇಸ್-ಕಂಟ್ರೋಲ್, ಕ್ರಾಸ್-ಸೆಕ್ಷನಲ್‌ಗಳಿಗೆ, 2007ರ ಸ್ಟ್ರೋಬ್. ಅದರಲ್ಲಿ 22 ಅಂಶ. ನಮ್ಮ ಕಡೆಯ ಥೀಸಿಸ್‌ಗಳಿಗೆ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಹೊಸ ಪರೀಕ್ಷೆಯೊಂದು ರೋಗವನ್ನು ಎಷ್ಟು ಸರಿಯಾಗಿ ಹಿಡಿಯುತ್ತದೆ ಎನ್ನುವುದಕ್ಕೆ ಸ್ಟಾರ್ಡ್ 2015, ಸಿಸ್ಟಮ್ಯಾಟಿಕ್ ರಿವ್ಯೂಗೆ ಪ್ರಿಸ್ಮಾ 2020, ಕೇಸ್ ರಿಪೋರ್ಟ್‌ಗೆ ಕೇರ್. ಎಲ್ಲವೂ ಇಂಥ ಪಟ್ಟಿಗಳನ್ನು ಒಟ್ಟು ಮಾಡಿಡುವ ಈಕ್ವೇಟರ್ ನೆಟ್‌ವರ್ಕ್‌ನ ತಾಣದಲ್ಲಿ ಒಂದೇ ಕಡೆ ಉಚಿತವಾಗಿ ಸಿಗುತ್ತವೆ. ಪಟ್ಟಿಯ ಒಂದು ಪುಟ ಇಳಿಸಿಕೊಂಡು ನಿಲ್ಲಬೇಡಿ. ಜೊತೆಗಿರುವ ವಿವರಣಾ ಲೇಖನವನ್ನೂ ಇಳಿಸಿಕೊಳ್ಳಿ. ಪ್ರತಿ ಅಂಶಕ್ಕೂ ಒಳ್ಳೆಯ ವಾಕ್ಯ ಹೇಗಿರಬೇಕು ಎಂಬ ಉದಾಹರಣೆ ಅದರಲ್ಲಿರುತ್ತದೆ, ತೀರ್ಪು ಕೊಡುವಾಗ ಕೈ ಹಿಡಿಯುವುದು ಅದೇ.

ಶೀರ್ಷಿಕೆ ನೋಡಿ ಪಟ್ಟಿ ಆರಿಸಿದರೆ ಮೋಸ ಹೋಗುತ್ತೀರಿ. ‘ತುಲನಾತ್ಮಕ ಅಧ್ಯಯನ’ ಎಂಬ ಹೆಸರಿನ ಕೆಳಗೆ ಏನು ಬೇಕಾದರೂ ಇರಬಹುದು. ವಿಧಾನದ ಅಧ್ಯಾಯ ತೆರೆದು ಎರಡೇ ಪ್ರಶ್ನೆ ಕೇಳಿ: ಯಾರಿಗೆ ಯಾವ ಚಿಕಿತ್ಸೆ ಎಂದು ಸಂಶೋಧಕರೇ ನಿಗದಿ ಮಾಡಿದರೇ? ಮಾಡಿದ್ದರೆ, ಆಕಸ್ಮಿಕಕ್ಕೆ ಬಿಟ್ಟರೇ? ಒಪಿಡಿ ನಂಬರ್ ಸಮ ಬಂದರೆ ಒಂದು ಗುಂಪು, ಬೆಸ ಬಂದರೆ ಇನ್ನೊಂದು ಎಂದು ಹಂಚಿ, ಮೇಲೆ ‘ರ್ಯಾಂಡಮೈಸ್ಡ್’ ಎಂದು ಬರೆದಿರುವುದು ಸಿಕ್ಕೇ ಸಿಗುತ್ತದೆ. ಇಂಥದ್ದಕ್ಕೆ ನಿಯಮವನ್ನು ಮೊದಲೇ ಬರೆದಿಡಿ. ನಮ್ಮ ಸಲಹೆ: ಲೇಖಕರು ರ್ಯಾಂಡಮೈಸ್ಡ್ ಎಂದು ಹೇಳಿಕೊಂಡಿದ್ದರೆ ಕನ್ಸಾರ್ಟ್‌ನಿಂದಲೇ ಅಳೆಯಿರಿ, ಹಂಚಿದ ಬಗೆ ಏನೆಂದು ಬೇರೆ ಕಾಲಮ್ಮಿನಲ್ಲಿ ನಮೂದಿಸಿ.

ಇನ್ನು ಆವೃತ್ತಿ. 2016ರ ಥೀಸಿಸ್ಸನ್ನು 2025ರ ಪಟ್ಟಿಯಿಂದ ಅಳೆಯುವುದು ಅನ್ಯಾಯ. ಬರೆದ ಕಾಲದಲ್ಲಿ ಯಾವುದು ಜಾರಿಯಲ್ಲಿತ್ತೋ ಅದನ್ನೇ ಬಳಸಿ. ಹೊಸ ಪಟ್ಟಿ ಬಂದ ವರ್ಷವನ್ನು ಲೆಕ್ಕದಿಂದ ಹೊರಗಿಟ್ಟರೂ ತಪ್ಪಿಲ್ಲ.

ಎಷ್ಟು ಥೀಸಿಸ್ ಬೇಕು

ಲೈಬ್ರರಿಯ ರಿಜಿಸ್ಟರ್ ಹಿಡಿದು ಐದು ವರ್ಷದ ಪಟ್ಟಿ ಮಾಡಿ. ಶೇಕಡಾವಾರು ಲೆಕ್ಕಕ್ಕೆ ಮಾಮೂಲಿ ಸೂತ್ರ: 1.96ರ ವರ್ಗವನ್ನು 0.5 ಮತ್ತು 0.5ರಿಂದ ಗುಣಿಸಿ, ಒಪ್ಪಿಕೊಳ್ಳುವ ದೋಷದ ವರ್ಗದಿಂದ ಭಾಗಿಸುವುದು. ದೋಷ ಶೇ. 10 ಇಟ್ಟುಕೊಂಡರೆ 96 ಬರುತ್ತದೆ, ಶೇ. 5 ಎಂದರೆ 384. ಆದರೆ ಕಪಾಟಿನಲ್ಲಿರುವುದೇ 120 ಎಂದುಕೊಳ್ಳಿ. ಆಗ 96ನ್ನು ‘1 ಕೂಡಿಸು 95 ಭಾಗಿಸು 120’ ಎಂಬುದರಿಂದ ಭಾಗಿಸಬೇಕು, 54 ಸಾಕಾಗುತ್ತದೆ. ಈ ತಿದ್ದುಪಡಿ ಮಾಡದೆ ಸುಮ್ಮನೆ ಇಮ್ಮಡಿ ಕೆಲಸ ಹಚ್ಚಿಕೊಳ್ಳುವವರಿದ್ದಾರೆ.

54ನ್ನು ಆರಿಸುವುದು ಎಕ್ಸೆಲ್‌ನ ರ್ಯಾಂಡಮ್ ಸಂಖ್ಯೆಯಿಂದ. ಕೈಗೆ ಸಿಕ್ಕ ಸಾಲಿನಿಂದ ಎತ್ತಿಕೊಂಡರೆ ಒಂದೇ ವಿಭಾಗದ್ದು ಬರುತ್ತದೆ, ಏಕೆಂದರೆ ಕಪಾಟು ಜೋಡಿಸಿರುವುದೇ ವಿಭಾಗವಾರು. ಪಟ್ಟಿಯಲ್ಲಿದ್ದು ಕಪಾಟಿನಲ್ಲಿ ಸಿಗದ ಪುಸ್ತಕಗಳನ್ನು ಎಣಿಸಿಡಿ. ಅವುಗಳ ಜಾಗಕ್ಕೆ ಗುಟ್ಟಾಗಿ ಬೇರೆಯದನ್ನು ತಂದಿಡಬೇಡಿ.

ಎಥಿಕ್ಸ್ ಕಮಿಟಿಗೆ ಒಂದು ಪತ್ರ ಕೊಡಿ. ಇಂಥ ಕೆಲಸಕ್ಕೆ ಪರಿಶೀಲನೆಯಿಂದ ವಿನಾಯಿತಿ ಸಿಗುವ ಅವಕಾಶ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿದೆ. ಆದರೆ ವಿನಾಯಿತಿ ಇದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಕಮಿಟಿ, ನೀವಲ್ಲ. ಥೀಸಿಸ್ ಬರೆದವರ, ಗೈಡ್‌ಗಳ ಹೆಸರು ಹಾಳೆಯಲ್ಲಿ ಬರಕೂಡದು. ಒಂದೊಂದಕ್ಕೂ ಒಂದು ಕೋಡ್ ಕೊಟ್ಟು, ಕೋಡ್‌ನ ಬೀಗದ ಕೈ ಮೂರನೆಯವರ ಬಳಿ ಇರಲಿ. ಊರು ಚಿಕ್ಕದು, ಯಾರ ಥೀಸಿಸ್ ಎಂದು ಗೊತ್ತಾದರೆ ಅಂಕ ಕೊಡುವ ಕೈಯೂ ಬದಲಾಗುತ್ತದೆ.

ಹಾಳೆ ಮಾಡಿಕೊಳ್ಳುವುದು

ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲಿಗೆ ಒಂದು ಅಂಶ. ಕಾಲಮ್ಮುಗಳು: ಕೋಡ್, ವರ್ಷ, ಅಂಶದ ಸಂಖ್ಯೆ, ತೀರ್ಪು, ಪುಟ, ಮೂಲದಲ್ಲಿರುವ ವಾಕ್ಯ. ತೀರ್ಪು ನಾಲ್ಕೇ ಬಗೆ: ಪೂರ್ತಿ, ಅರೆ, ಇಲ್ಲ, ಅನ್ವಯಿಸದು. ಕೊನೆಯ ಎರಡು ಕಾಲಮ್ಮು ಇಡೀ ಕೆಲಸದ ಜೀವ. ಪುಟದ ಸಂಖ್ಯೆ ಮತ್ತು ವಾಕ್ಯ ಇಲ್ಲದೆ ಯಾವುದಕ್ಕೂ ‘ಪೂರ್ತಿ’ ಕೊಡಕೂಡದು. ‘ಇಷ್ಟು ದೊಡ್ಡ ವಿಭಾಗ, ಖಂಡಿತ ಮಾಡಿರುತ್ತಾರೆ’ ಎನ್ನುವ ಮರ್ಯಾದೆಗೆ ಇಲ್ಲಿ ಜಾಗವಿಲ್ಲ.

ಪಟ್ಟಿಯ ಒಂದೊಂದು ಅಂಶದೊಳಗೆ ಮೂರು ನಾಲ್ಕು ಬೇಡಿಕೆಗಳು ಅಡಗಿರುತ್ತವೆ. ಸ್ಟ್ರೋಬ್‌ನ 5ನೇ ಅಂಶ ಕೇಳುವುದು ಸ್ಥಳವನ್ನು, ಅಲ್ಲಿನ ಸನ್ನಿವೇಶವನ್ನು, ದಿನಾಂಕಗಳನ್ನು. ದಿನಾಂಕ ಎಂದರೆ ಜನರನ್ನು ಸೇರಿಸಿಕೊಂಡದ್ದು ಯಾವಾಗಿನಿಂದ ಯಾವಾಗಿನವರೆಗೆ, ಹಿಂಬಾಲಿಸಿ ನೋಡಿದ್ದು ಎಲ್ಲಿಯವರೆಗೆ, ಮಾಹಿತಿ ತೆಗೆದುಕೊಂಡದ್ದು ಯಾವಾಗ. ಇವನ್ನೆಲ್ಲ ಒಡೆದು ಬೇರೆ ಬೇರೆ ಸಾಲು ಮಾಡಿ. ಒಡೆಯದಿದ್ದರೆ ಒಬ್ಬ ಓದುಗರು ಊರಿನ ಹೆಸರು ಕಂಡು ‘ಪೂರ್ತಿ’ ಎನ್ನುತ್ತಾರೆ, ಇನ್ನೊಬ್ಬರು ದಿನಾಂಕ ಕಾಣದೆ ‘ಇಲ್ಲ’ ಎನ್ನುತ್ತಾರೆ, ಇಬ್ಬರದೂ ಸರಿ.

ಹಾಳೆ ಸಿದ್ಧವಾದ ಮೇಲೆ, ಆರಿಸಿದ 54ರಲ್ಲಿ ಇಲ್ಲದ ಐದು ಥೀಸಿಸ್ ತೆಗೆದುಕೊಂಡು ಇಬ್ಬರೂ ಬೇರೆ ಬೇರೆ ಕೂತು ಓದಿ, ಆಮೇಲೆ ಒಟ್ಟಿಗೆ ಕೂತು ಜಗಳವಾಡಿ. ಜಗಳದಿಂದ ಹುಟ್ಟಿದ ಪ್ರತಿ ನಿಯಮವನ್ನೂ ಒಂದು ಸಾಲಿನಲ್ಲಿ ಬರೆದಿಡಿ. ಮೊದಮೊದಲು ಒಂದು ಥೀಸಿಸ್‌ಗೆ ಒಂದೂವರೆ ಗಂಟೆ ಹಿಡಿದರೆ ಗಾಬರಿಯಾಗಬೇಡಿ.

ಒಂದನ್ನು ಹತ್ತಿರದಿಂದ ನೋಡೋಣ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕೆಲಸಗಾರರ ಶ್ವಾಸಕೋಶದ ಶಕ್ತಿ ಅಳೆದ ಒಂದು ಥೀಸಿಸ್ ನಿಮ್ಮ ಮುಂದಿದೆ ಎಂದು ಕಲ್ಪಿಸಿಕೊಳ್ಳಿ. ವಿಧಾನದಲ್ಲಿ ಹೀಗಿದೆ: ‘ನಗರದ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವ 100 ಜನರನ್ನು ಆಯ್ದುಕೊಂಡು ಸ್ಪೈರೋಮೆಟ್ರಿ ಮಾಡಲಾಯಿತು.’ (ಸ್ಪೈರೋಮೆಟ್ರಿ ಎಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವುದು.) ಓದಲು ಚೊಕ್ಕವಾಗಿದೆ. ಈಗ ಸ್ಟ್ರೋಬ್ ಹಿಡಿಯಿರಿ.

ಎಷ್ಟು ಭಟ್ಟಿಗಳಿಂದ ಆಯ್ದರು? ಭಟ್ಟಿಗಳ ಪಟ್ಟಿ ಎಲ್ಲಿಂದ ಬಂತು? ಮಾಲೀಕರು ಒಳಗೆ ಬಿಟ್ಟ ಭಟ್ಟಿಗಳು ಮಾತ್ರವೇ? ಇದು 6ನೇ ಅಂಶ. ನೂರೇ ಏಕೆ, ತೊಂಬತ್ತೇಳು ಏಕಲ್ಲ? ಇದು 10ನೇ ಅಂಶ. ಥೀಸಿಸ್‌ಗಳಲ್ಲಿ ಕಾಣುವ 50, 60, 100 ಎಂಬ ದುಂಡು ಸಂಖ್ಯೆಗಳ ಹಿಂದೆ ಲೆಕ್ಕ ಇದೆಯೋ, ಸಿಕ್ಕಿದ್ದು ಅಷ್ಟೇ ಜನರೋ ಎಂದು ಬರೆದಿರಬೇಕು. ‘ಸಮಯದ ಮಿತಿಯಿಂದ ನೂರಕ್ಕೆ ನಿಲ್ಲಿಸಿದೆವು’ ಎಂದು ಬರೆದಿದ್ದರೂ ಅದು ಪೂರ್ತಿ ವರದಿಯೇ. ಮಾನದಂಡ ಕೇಳುವುದು ಕಾರಣವನ್ನು. ಆ ಕಾರಣ ಚಂದವಿರಬೇಕೆಂದು ಅದು ಹೇಳುವುದಿಲ್ಲ.

ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಒಲ್ಲೆ ಎಂದರು, ಎಷ್ಟು ಜನ ಊದಲಾಗದೆ ಬಿಟ್ಟರು? 13ನೇ ಅಂಶ. 140 ಜನರನ್ನು ಕೇಳಿ 100 ಜನ ಬಂದಿದ್ದರೆ ಉಳಿದ 40 ಜನ ಕೆಮ್ಮುವವರೋ, ಕೂಲಿ ತಪ್ಪುತ್ತದೆಂದು ಬಾರದವರೋ ಎನ್ನುವುದರ ಮೇಲೆ ಇಡೀ ಫಲಿತಾಂಶ ನಿಂತಿದೆ. ಇನ್ನೂ ಒಂದಿದೆ: ಹೊಗೆಗೆ ಎದೆ ಕೆಟ್ಟವರು ಭಟ್ಟಿ ಬಿಟ್ಟು ಮನೆಯಲ್ಲಿದ್ದಾರೆ. ಈಗ ಭಟ್ಟಿಯಲ್ಲಿ ಸಿಗುವವರು ತಾಳಿಕೊಂಡು ಉಳಿದವರು. ಇದರ ಬಗ್ಗೆ ಒಂದು ಮಾತಾದರೂ 9ನೇ ಅಂಶದಲ್ಲಿ, ಅಂದರೆ ಪಕ್ಷಪಾತ ತಡೆಯಲು ಏನು ಮಾಡಿದಿರಿ ಎನ್ನುವಲ್ಲಿ, ಅಥವಾ 19ನೇ ಅಂಶದಲ್ಲಿ, ಮಿತಿಗಳಲ್ಲಿ, ಬರಬೇಕು. ಮಿತಿಗಳ ಪುಟದಲ್ಲಿ ‘ಸ್ಯಾಂಪಲ್ ಸೈಜ್ ಚಿಕ್ಕದು’ ಎಂಬ ಒಂದೇ ವಾಕ್ಯವಿದ್ದರೆ ‘ಅರೆ’ ಎಂದು ಬರೆಯಿರಿ. ದೋಷ ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನೂ ಸ್ಟ್ರೋಬ್ ಕೇಳುತ್ತದೆ.

ಯಾವ ತಿಂಗಳು ಅಳೆದರು, ಪಾಳಿಯ ಮೊದಲೋ ನಂತರವೋ, ಯಂತ್ರ ಯಾವುದು, ಯಾರು ಊದಿಸಿದರು: 8ನೇ ಅಂಶ. ಆಸ್ಪತ್ರೆಯ ಅಧ್ಯಯನವಾದರೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹರಿಹರ, ಜಗಳೂರು, ಚನ್ನಗಿರಿಯಿಂದಷ್ಟೇ ಅಲ್ಲ, ಹರಪನಹಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಎಲ್ಲೂ ವಾಸಿಯಾಗದೆ ಬಂದವರು ಹೆಚ್ಚಿರುವ ಒಪಿಡಿಯಲ್ಲಿ ಕಂಡ ಶೇಕಡಾವನ್ನು ‘ಜಿಲ್ಲೆಯಲ್ಲಿ ಇಷ್ಟಿದೆ’ ಎಂದು ಬರೆದರೆ 21ನೇ ಅಂಶ, ಫಲಿತಾಂಶ ಯಾರಿಗೆಲ್ಲ ಅನ್ವಯ ಎನ್ನುವುದು, ಸೋಲುತ್ತದೆ. ಕೊಳವೆಬಾವಿ ನೀರಿನ ಫ್ಲೋರೈಡ್‌ಗೂ ಹಲ್ಲಿನ ಕಲೆಗೂ ಸಂಬಂಧ ನೋಡಿದ ಅಧ್ಯಯನವೂ ಹಾಗೆಯೇ. ಮಗು ಹುಟ್ಟಿ ಬೆಳೆದದ್ದು ಆ ಊರಿನಲ್ಲೇ ಎಂದು ಕೇಳಿ ಬರೆದಿದ್ದಾರೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯ, ಏಕೆಂದರೆ ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನಿಂದ.

ಲಕೋಟೆಯ ವಿಚಾರ

ಪ್ರಯೋಗಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಅಂಶಗಳಲ್ಲಿ ಒಂದು ಹಂಚಿಕೆಯ ಗುಟ್ಟು; ಕನ್ಸಾರ್ಟ್ 2010ರ 9ನೇ ಅಂಶ. ಮುಂದಿನ ರೋಗಿ ಯಾವ ಗುಂಪಿಗೆ ಎನ್ನುವುದು, ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವವರಿಗೆ ಮೊದಲೇ ತಿಳಿಯದ ಹಾಗೆ ಏನು ಮಾಡಿದಿರಿ ಎನ್ನುವುದು ಪ್ರಶ್ನೆ. ಇದನ್ನು ಬ್ಲೈಂಡಿಂಗ್ ಜೊತೆ ಕಲಸುವವರೇ ಬಹಳ. ಬ್ಲೈಂಡಿಂಗ್, ಅಂದರೆ ಯಾವ ಚಿಕಿತ್ಸೆ ಎಂಬುದು ರೋಗಿಗೋ ಅಳೆಯುವವರಿಗೋ ತಿಳಿಯದ ಹಾಗೆ ಇಡುವುದು, ಶುರುವಾಗುವುದು ರೋಗಿ ಗುಂಪಿಗೆ ಸೇರಿದ ಮೇಲೆ. ಗುಟ್ಟು ಕಾಯಬೇಕಾದ್ದು ಸೇರುವ ಗಳಿಗೆಯವರೆಗೆ. ಶಸ್ತ್ರಚಿಕಿತ್ಸೆಯ ಪ್ರಯೋಗದಲ್ಲಿ ಬ್ಲೈಂಡಿಂಗ್ ಸಾಧ್ಯವಾಗದಿರಬಹುದು, ಗುಟ್ಟು ಕಾಯುವುದು ಎಲ್ಲ ಕಡೆಯೂ ಸಾಧ್ಯ.

ಮೂರು ವಾಕ್ಯ ನೋಡಿ. ‘ಕಂಪ್ಯೂಟರಿನಿಂದ ರ್ಯಾಂಡಮೈಸ್ ಮಾಡಲಾಯಿತು’: ಪಟ್ಟಿ ಹೇಗೆ ಹುಟ್ಟಿತು ಎಂದು ಹೇಳಿದೆ, ಯಾರ ಕೈಯಲ್ಲಿತ್ತು ಎಂದಿಲ್ಲ. 9ನೇ ಅಂಶಕ್ಕೆ ‘ಇಲ್ಲ’. ‘ಲಕೋಟೆ ವಿಧಾನ ಬಳಸಲಾಯಿತು’: ಅರೆ. ‘ಅನುಕ್ರಮ ಸಂಖ್ಯೆ ಹಾಕಿದ, ಬೆಳಕು ತೂರದ, ಅಂಟಿಸಿದ ಲಕೋಟೆಗಳನ್ನು ಅಧ್ಯಯನದಲ್ಲಿಲ್ಲದ ಸ್ಟಾಫ್ ನರ್ಸ್ ಇಟ್ಟುಕೊಂಡಿದ್ದರು; ರೋಗಿ ಸಹಿ ಹಾಕಿದ ಮೇಲೆ ಕ್ರಮವಾಗಿ ತೆರೆದರು’: ಪೂರ್ತಿ. ಒಂದೊಂದು ಪದಕ್ಕೂ ಕಾರಣವಿದೆ. ಸಂಖ್ಯೆ ಇಲ್ಲದಿದ್ದರೆ ಬೇಡದ್ದನ್ನು ಕೆಳಗಿಟ್ಟು ಮುಂದಿನದನ್ನು ತೆರೆಯಬಹುದು. ತೆಳು ಲಕೋಟೆಯನ್ನು ಎಕ್ಸ್‌ರೇ ನೋಡುವ ಡಬ್ಬಿಯ ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ.

ಇಷ್ಟು ಸೂಕ್ಷ್ಮ ಬೇಕೇ ಎನ್ನುವವರಿಗೆ 1995ರ ಒಂದು ಲೆಕ್ಕ ಇದೆ. ಶುಲ್ಜ್ ಮತ್ತು ಸಂಗಡಿಗರು 250 ಪ್ರಯೋಗಗಳನ್ನು ನೋಡಿದಾಗ, ಗುಟ್ಟು ಕಾಯುವ ವ್ಯವಸ್ಥೆ ಸಾಲದ ಪ್ರಯೋಗಗಳಲ್ಲಿ ಚಿಕಿತ್ಸೆಯ ಪರಿಣಾಮವನ್ನು ತೋರಿಸುವ ಆಡ್ಸ್ ರೇಶಿಯೋ ಸರಾಸರಿ ಶೇ. 41ರಷ್ಟು ಉಬ್ಬಿತ್ತು. ಗುಟ್ಟಿನ ಬಗ್ಗೆ ಸ್ಪಷ್ಟವಾಗಿ ಬರೆಯದೆ ಇದ್ದವುಗಳಲ್ಲೂ ಶೇ. 30.

ಇಬ್ಬರ ತೀರ್ಪು ಎಷ್ಟು ಕೂಡುತ್ತದೆ

ಲೆಕ್ಕ ಸರಳವಾಗಲೆಂದು ತೀರ್ಪು ‘ಇದೆ’, ‘ಇಲ್ಲ’ ಎರಡೇ ಇಟ್ಟುಕೊಳ್ಳೋಣ. 40 ಥೀಸಿಸ್‌ಗಳ ಸ್ಟ್ರೋಬ್ 10ನೇ ಅಂಶಕ್ಕೆ ಇಬ್ಬರೂ ‘ಇದೆ’ ಎಂದದ್ದು 18, ಇಬ್ಬರೂ ‘ಇಲ್ಲ’ ಎಂದದ್ದು 12, ಮೊದಲನೆಯವರು ಮಾತ್ರ ‘ಇದೆ’ ಎಂದದ್ದು 6, ಎರಡನೆಯವರು ಮಾತ್ರ 4 ಎಂದುಕೊಳ್ಳಿ. ಕೂಡಿದ್ದು 40ಕ್ಕೆ 30, ಅಂದರೆ 0.75. ಆದರೆ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಒಂದಷ್ಟು ಕೂಡುತ್ತಿತ್ತು. ಮೊದಲನೆಯವರ ‘ಇದೆ’ ಪಾಲು 0.60, ಎರಡನೆಯವರದು 0.55, ಇವೆರಡರ ಗುಣಲಬ್ಧ 0.33. ‘ಇಲ್ಲ’ ಪಾಲುಗಳು 0.40, 0.45, ಗುಣಲಬ್ಧ 0.18. ಒಟ್ಟು 0.51. ಆಕಸ್ಮಿಕವಾಗಿ ಕೂಡಿದ್ದನ್ನು ತೆಗೆದು ಹೇಳುವ ಅಳತೆಯೇ ಕಪ್ಪಾ: 0.75ರಲ್ಲಿ 0.51 ಕಳೆದು, ಉಳಿದದ್ದನ್ನು 0.49ರಿಂದ (1ರಲ್ಲಿ 0.51 ಕಳೆದದ್ದು) ಭಾಗಿಸಿದ್ದು: 0.49. ಮಧ್ಯಮ. ನಿಯಮ ಇನ್ನಷ್ಟು ಬಿಗಿಯಾಗಬೇಕು ಎಂದರ್ಥ.

ಒಂದು ಎಡವಟ್ಟು ಮೊದಲೇ ಗೊತ್ತಿರಲಿ. ಬಹುಪಾಲು ಎಲ್ಲರೂ ಬರೆಯುವ ಅಂಶವೊಂದಕ್ಕೆ, ಉದಾಹರಣೆಗೆ ಉದ್ದೇಶಗಳಿಗೆ, ಇಬ್ಬರೂ ‘ಇದೆ’ ಎಂದದ್ದು 36, ಒಬ್ಬೊಬ್ಬರೇ ಎಂದದ್ದು 2 ಮತ್ತು 2, ಇಬ್ಬರೂ ‘ಇಲ್ಲ’ ಎಂದದ್ದು ಸೊನ್ನೆ ಇದ್ದರೆ, ಶೇ. 90 ಕೂಡಿದರೂ ಕಪ್ಪಾ ಸೊನ್ನೆಗಿಂತ ಕೆಳಗೆ, ಮೈನಸ್ 0.05 ಬರುತ್ತದೆ. ತಪ್ಪು ಲೆಕ್ಕವಲ್ಲ, ಕಪ್ಪಾದ ಸ್ವಭಾವವೇ ಹಾಗೆ. ಅದಕ್ಕೇ ಶೇಕಡಾ ಮತ್ತು ಕಪ್ಪಾ ಎರಡನ್ನೂ ಅಂಶವಾರು ಕೊಡಿ. ಕೂಡದ ಕಡೆ ಮೂರನೆಯವರು ತೀರ್ಮಾನಿಸಲಿ, ಆದರೆ ಮೊದಲಿನ ಎರಡೂ ತೀರ್ಪುಗಳನ್ನು ಅಳಿಸಬೇಡಿ.

ಮಾಸ್ಟರ್ ಚಾರ್ಟ್ ಮತ್ತು ಸಿಟಿಆರ್‌ಐ

ಜರ್ನಲ್ ಲೇಖನ ಅಳೆಯುವವರಿಗೆ ಸಿಗದ ಒಂದು ಸವಲತ್ತು ಥೀಸಿಸ್ ಅಳೆಯುವವರಿಗಿದೆ: ಕೊನೆಯ ಪುಟಗಳಲ್ಲಿ ಮಾಸ್ಟರ್ ಚಾರ್ಟ್, ಅಂದರೆ ಒಬ್ಬೊಬ್ಬರ ಮಾಹಿತಿಯೂ ಒಂದೊಂದು ಸಾಲಾಗಿರುವ ಕೋಷ್ಟಕ, ಇರುತ್ತದೆ. ಅದರ ಸಾಲುಗಳನ್ನು ಎಣಿಸಿ, ಸಾರಾಂಶದ ಸಂಖ್ಯೆಗೂ ಕೋಷ್ಟಕದ ಮೊತ್ತಕ್ಕೂ ತಾಳೆ ನೋಡಿ. ಚಾರ್ಟ್‌ನಲ್ಲಿ ಖಾಲಿ ಮನೆಗಳಿದ್ದು ಪಠ್ಯದಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ, ಸಿಗದ ಮಾಹಿತಿಯನ್ನು ಹೇಗೆ ನಿಭಾಯಿಸಿದಿರಿ ಎಂಬ ಅಂಶಕ್ಕೆ ‘ಇಲ್ಲ’ ಬರೆಯಲು ಗಟ್ಟಿ ಸಾಕ್ಷಿ ಸಿಕ್ಕಿತು. ಖಾಲಿ ಮನೆಯೇ ಇಲ್ಲದಿದ್ದರೆ ‘ಅನ್ವಯಿಸದು’.

ಪ್ರಯೋಗವಾದರೆ ಸಿಟಿಆರ್‌ಐ ಸಂಖ್ಯೆ ಹುಡುಕಿ. ಭಾರತದ ಕ್ಲಿನಿಕಲ್ ಪ್ರಯೋಗಗಳಿಗಾಗಿ ಐಸಿಎಂಆರ್ ನಡೆಸುವ ಈ ನೋಂದಣಿ 2007ರ ಜುಲೈನಲ್ಲಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುನ್ನ ಮಾಡಿದ ನೋಂದಣಿಯನ್ನಷ್ಟೇ ಸ್ವೀಕರಿಸುತ್ತಾರೆ. ಸಂಖ್ಯೆಯೊಳಗೇ ವರ್ಷ, ತಿಂಗಳು ಇರುತ್ತವೆ. ಅದನ್ನು ಥೀಸಿಸ್‌ನ ಮೊದಲ ರೋಗಿಯ ದಿನಾಂಕದ ಜೊತೆ ಹೋಲಿಸಿ. ಪುಟ ತೆರೆದು ಪ್ರಧಾನ ಫಲಿತಾಂಶ ಏನೆಂದು ಬರೆದಿದ್ದರು, ಯಾವ ವಾರಕ್ಕೆ ಅಳೆಯುತ್ತೇವೆಂದಿದ್ದರು ನೋಡಿ, ಥೀಸಿಸ್‌ನದರ ಪಕ್ಕ ಇಡಿ. ‘ಆರನೇ ವಾರದ ನೋವಿನ ಅಂಕ’ ಎಂದಿದ್ದದ್ದು ‘ಎರಡನೇ ವಾರದ ನೋವಿನ ಅಂಕ’ ಆಗಿದ್ದು, ಕಾರಣ ಬರೆಯದಿದ್ದರೆ ಅದು ಬದಲಾವಣೆ. ಇದು ಜಗತ್ತಿನಾದ್ಯಂತ ಇರುವ ಚಾಳಿ. 2004ರಲ್ಲಿ ಪ್ರಕಟವಾದ ಡೆನ್ಮಾರ್ಕಿನ 102 ಪ್ರಯೋಗಗಳ ಪರಿಶೀಲನೆಯಲ್ಲಿ ಶೇ. 62ರಷ್ಟರಲ್ಲಿ ಕನಿಷ್ಠ ಒಂದು ಪ್ರಧಾನ ಫಲಿತಾಂಶ ಬದಲಾಗಿತ್ತು, ಹೊಸದಾಗಿ ಸೇರಿತ್ತು ಅಥವಾ ಮಾಯವಾಗಿತ್ತು.

ಲೇಖಕರೇ ತುಂಬಿ ಜರ್ನಲ್‌ಗೆ ಕಳಿಸಿದ ಚೆಕ್‌ಲಿಸ್ಟ್ ಸಿಕ್ಕರೆ ಅದನ್ನು ನಂಬಿ ತೀರ್ಪು ಬರೆಯಬೇಡಿ. ‘ಪುಟ 6’ ಎಂದು ಬರೆದಿರುತ್ತದೆ. ಪುಟ 6ಕ್ಕೆ ಹೋದರೆ ಆ ಅಂಶದ ಹೆಸರಷ್ಟೇ ಇರುತ್ತದೆ, ವಿವರ ಇರುವುದಿಲ್ಲ. ಹಾಗಂತ ಪಟ್ಟಿಗಳಿಂದ ಪ್ರಯೋಜನವೇ ಇಲ್ಲ ಎನ್ನುವುದೂ ತಪ್ಪು. 2012ರ ಕಾಕ್ರೇನ್ ರಿವ್ಯೂ 16,604 ಪ್ರಯೋಗಗಳನ್ನು ಒಳಗೊಂಡ 50 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. 27 ಅಂಶಗಳಲ್ಲಿ 25 ಕನ್ಸಾರ್ಟ್ ಒಪ್ಪಿದ ಜರ್ನಲ್‌ಗಳ ಕಡೆಗೇ ವಾಲಿದ್ದವು. ಅನುಮಾನಕ್ಕೆ ಎಡೆಯಿಲ್ಲದಷ್ಟು ವಾಲಿದ್ದು ಮಾತ್ರ ಐದು.

ಫಲಿತಾಂಶ ಬರೆಯುವಾಗ

‘ಈ ಥೀಸಿಸ್‌ಗೆ 22ಕ್ಕೆ 15’ ಎಂದು ಅಂಕ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಧನಸಹಾಯದ ಒಂದು ಸಾಲು ಬಿಟ್ಟವರಿಗೂ, ಜನರನ್ನು ಹೇಗೆ ಆಯ್ದರೆಂದೇ ಹೇಳದವರಿಗೂ ಒಂದೇ ಅಂಕ ಕಡಿಮೆಯಾಗುತ್ತದೆ. ಅಂಶವಾರು ಶೇಕಡಾ ಕೊಡಿ, ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಕೊಡಿ. 40ರಲ್ಲಿ 14 ಎಂದರೆ ಶೇ. 35, ವಿಲ್ಸನ್ ವಿಧಾನದಲ್ಲಿ ಶೇ. 95ರ ವ್ಯಾಪ್ತಿ 22ರಿಂದ 50ರವರೆಗೆ ಹರಡುತ್ತದೆ. ಇಷ್ಟು ಅಗಲದ ವ್ಯಾಪ್ತಿ ಇಟ್ಟುಕೊಂಡು ಈ ವಿಭಾಗ ಆ ವಿಭಾಗಕ್ಕಿಂತ ವಾಸಿ ಎಂದು ಘೋಷಿಸಲು ಹೋಗಬೇಡಿ. ‘ಅನ್ವಯಿಸದು’ ಎಂದವುಗಳನ್ನು ಛೇದದಿಂದ ತೆಗೆದು, ತೆಗೆದದ್ದೆಷ್ಟು ಎಂದು ಕೆಳಗೆ ಬರೆಯಿರಿ.

ವರದಿ ಚೆನ್ನಾಗಿಲ್ಲದ್ದು ಬೇರೆ, ಅಧ್ಯಯನ ಚೆನ್ನಾಗಿಲ್ಲದ್ದು ಬೇರೆ. ಸ್ಟ್ರೋಬ್ ರೂಪಿಸಿದವರೇ ಅದನ್ನು ಗುಣಮಟ್ಟದ ತಕ್ಕಡಿಯಾಗಿ ಬಳಸಬೇಡಿ ಎಂದಿದ್ದಾರೆ. ‘ಒಪಿಡಿ ನಂಬರಿನ ಸಮ-ಬೆಸದಿಂದ ಹಂಚಿದೆವು’ ಎಂದು ನೇರವಾಗಿ ಬರೆದವರ ವರದಿ ಪೂರ್ತಿ, ವಿಧಾನ ದುರ್ಬಲ. ಎರಡನ್ನೂ ಒಂದೇ ಕಾಲಮ್ಮಿಗೆ ತುರುಕಿದರೆ ಓದುಗರಿಗೂ ಗೊಂದಲ, ಬರೆದವರಿಗೂ ಅನ್ಯಾಯ.

ಈ ಅಳೆಯುವ ಕೆಲಸದಿಂದ, ಅಂದರೆ ಆಡಿಟ್‌ನಿಂದ, ಬಂದದ್ದನ್ನು ಮುಟ್ಟಿಸಬೇಕಾದ್ದು ಮೊದಲ ವರ್ಷದ ಪಿಜಿಗಳಿಗೆ, ಥೀಸಿಸ್‌ನ ಮುಂಗಡ ಯೋಜನೆಯಾದ ಸಿನಾಪ್ಸಿಸ್ ಬರೆಯುವ ಹೊತ್ತಿಗೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಹುಕಾಲದ ಸಿನಾಪ್ಸಿಸ್ ನಮೂನೆಯಲ್ಲಿ 7.1 ಮಾಹಿತಿಯ ಮೂಲ, 7.2 ಮಾಹಿತಿ ಸಂಗ್ರಹದ ವಿಧಾನ ಎಂಬ ತಲೆಬರಹಗಳಿವೆ. ಆಯ್ಕೆ, ಸ್ಯಾಂಪಲ್ ಲೆಕ್ಕ, ಹಂಚಿಕೆ, ಗುಟ್ಟು ಎಲ್ಲವೂ ಅವೆರಡರ ಹೊಟ್ಟೆಯೊಳಗೇ ಹೋಗಬೇಕು, ಹೋಗದಿದ್ದರೂ ನಮೂನೆ ತುಂಬಿದಂತೆಯೇ ಕಾಣುತ್ತದೆ. ಎರಡು ವರ್ಷ ಕಳೆದ ಮೇಲೆ ಎಷ್ಟು ಜನ ಒಲ್ಲೆ ಎಂದರು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಪಿಡಿಯ ಮೇಜಿನ ಮೇಲೆ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇರಲಿ: ದಿನಾಂಕ, ನೋಡಿದವರು, ಅರ್ಹರು, ಒಲ್ಲೆ ಎಂದವರು, ಕಾರಣ. ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂದು ತೋರಿಸುವ ಫ್ಲೋ ಚಾರ್ಟ್‌ನಲ್ಲಿ, ಸೇರಿಸಿಕೊಳ್ಳುವವರೆಗಿನ ಸಂಖ್ಯೆಗಳು ಆ ಐದು ಕಾಲಮ್ಮುಗಳಿಂದಲೇ ಬರುತ್ತವೆ.

ನಿಮ್ಮ ಆಡಿಟ್ ವರದಿಗೂ ಒಂದು ಫ್ಲೋ ಚಾರ್ಟ್ ಬೇಕು: ರಿಜಿಸ್ಟರಿನಲ್ಲಿದ್ದದ್ದೆಷ್ಟು, ಆರಿಸಿದ್ದೆಷ್ಟು, ಕಪಾಟಿನಲ್ಲಿ ಸಿಗದ್ದೆಷ್ಟು, ಪುಟ ಹರಿದದ್ದೆಷ್ಟು, ಓದಿದ್ದೆಷ್ಟು. ಓದಿದ್ದು ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನೂ ಸೇರಿಸಿ.